ಒಂದು ತಾರೀಖು, ಎರಡು ಮುಪ್ಪು



ಇವತ್ತಿನ ಮಾತು ಶುರುವಾಗಿದ್ದು ಸ್ಟುಡಿಯೋದಲ್ಲಲ್ಲ, ನಮ್ಮ ಮನೆಯ ಅಡುಗೆಮನೆಯಲ್ಲಿ. ಹಬ್ಬಕ್ಕೆ ಊರಿಗೆ ಹೋಗಿದ್ದೆ. ತಂಗಿ ಬಂದಿದ್ದಳು. ಅವಳು ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್. 2007ರಲ್ಲಿ ಕೆಲಸಕ್ಕೆ ಸೇರಿದವಳು. ಹೋಳಿಗೆ ತಟ್ಟುತ್ತಾ ತಟ್ಟುತ್ತಾ ಒಂದು ಪ್ರಶ್ನೆ ಕೇಳಿದಳು: "ಅಣ್ಣಾ, ದಿನಾ ಟೀವೀಲಿ ಕೂತ್ಕೊಂಡು ಅಷ್ಟೊಂದು ಮಾತಾಡ್ತೀಯಲ್ಲ. ನಾನು ರಿಟೈರ್ ಆದ್ಮೇಲೆ ತಿಂಗಳಿಗೆ ನಂಗೆ ಎಷ್ಟು ಬರುತ್ತೆ? ಜಾಸ್ತಿ ಬೇಡ, ಒಂದು ನಂಬರ್ ಹೇಳು ಸಾಕು."

ನನಗೆ ಹೇಳೋಕೆ ಆಗಲಿಲ್ಲ.

ಪಕ್ಕದಲ್ಲೇ ಅಮ್ಮ ಕೂತಿದ್ದರು. ನಮ್ಮ ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ನಿವೃತ್ತರಾಗುವ ಎಷ್ಟೋ ವರ್ಷ ಮೊದಲೇ ಒಂದು ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ತಮ್ಮ ಪಿಂಚಣಿ ಲೆಕ್ಕ ಹಾಕಿ ಇಟ್ಟಿದ್ದರು. ಕೊನೆಯ ಸಂಬಳದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಪ್ರತಿ ವರ್ಷ ನವೆಂಬರ್ ಬಂತು ಅಂದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬ್ಯಾಂಕಿಗೆ ಹೋಗಿ "ನಾನು ಬದುಕಿದ್ದೀನಿ" ಅಂತ ಸಹಿ ಮಾಡಿ ಬರುತ್ತಿದ್ದರು. ಅಪ್ಪ ಹೋದ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತಿದೆ. ತಿಂಗಳ ಮೊದಲ ವಾರ ಮೊಬೈಲಿಗೆ ಮೆಸೇಜ್ ಬರುತ್ತೆ, ಅಮ್ಮ ಕನ್ನಡಕ ಹಾಕಿಕೊಂಡು ಓದುತ್ತಾರೆ. ಅದು ಅವರ ಧೈರ್ಯ.

ಒಂದೇ ಅಡುಗೆಮನೆ. ಒಂದೇ ಇಲಾಖೆಯಲ್ಲಿ ಎರಡು ತಲೆಮಾರು. ಅಮ್ಮನಿಗೆ ಒಂದು ನಂಬರ್ ಇದೆ, ಮಗಳಿಗೆ ಇಲ್ಲ. ನಡುವೆ ಇರೋದು ಒಂದು ತಾರೀಖು: 2006ರ ಏಪ್ರಿಲ್ 1.

ಈ ತಾರೀಖು ಎಲ್ಲಿಂದ ಬಂತು? ಯಾರು ಗೆರೆ ಎಳೆದರು? ಗೆರೆಯ ಆಚೆ ನಿಲ್ಲಬೇಕಾದವರನ್ನ ಯಾರಾದರೂ ಒಂದು ಮಾತು ಕೇಳಿದರಾ? ಇದನ್ನ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪ ಅಲ್ಲ, ನೂರೈವತ್ತು ವರ್ಷ.

1871. ಬ್ರಿಟಿಷರು ಪಿಂಚಣಿ ಕಾಯ್ದೆ ತಂದರು. ಆ ಕಾಯ್ದೆಗೆ ಎರಡು ಮುಖ. ಒಂದು ಮುಖ ಒಳ್ಳೆಯದು. ಪಿಂಚಣಿದಾರ ಎಷ್ಟೇ ಸಾಲ ಮಾಡಿರಲಿ, ಸಾಲಗಾರ ಕೋರ್ಟಿಗೆ ಹೋಗಿ ಅವನ ಪಿಂಚಣಿಯನ್ನ ಜಪ್ತಿ ಮಾಡಿಸುವ ಹಾಗಿಲ್ಲ. ಮುದುಕನ ಅನ್ನಕ್ಕೆ ಕೈ ಹಾಕಬೇಡ ಅಂತ ಕಾನೂನೇ ಹೇಳಿತು. ಆದರೆ ಇನ್ನೊಂದು ಮುಖ ನೋಡಿ. ಸರ್ಕಾರವೇ ಪಿಂಚಣಿ ಕೊಡದೆ ಹೋದರೆ? ಸಿವಿಲ್ ಕೋರ್ಟಿಗೆ ಹೋಗೋ ಹಾಗೂ ಇಲ್ಲ. ಕಲೆಕ್ಟರ್ ಸಾಹೇಬರ ಪ್ರಮಾಣ ಪತ್ರ ಇದ್ದರೆ ಮಾತ್ರ ದಾವೆ. ಅಂದರೆ ಪಿಂಚಣಿ ಅನ್ನೋದು ದೊರೆಯ ಕೃಪೆ. ಕೊಟ್ಟರೆ ಕಣ್ಣಿಗೊತ್ತಿಕೊಂಡು ತಗೋ, ಕೊಡದಿದ್ದರೆ ತೆಪ್ಪಗಿರು.

ಇದೇ ಕಾಲದಲ್ಲಿ ನಮ್ಮ ಮೈಸೂರಲ್ಲಿ ಇನ್ನೊಂದು ದಾರಿ ಹುಟ್ಟಿತು. 1891ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಸರ್ಕಾರಿ ನೌಕರರಿಗಾಗಿ ಜೀವವಿಮೆ ಯೋಜನೆ ಶುರುವಾಯಿತು. ಇವತ್ತಿನ ಕೆಜಿಐಡಿ ಅದರ ಮೊಮ್ಮಗ. ಸರ್ಕಾರಿ ನೌಕರರ ಸಂಬಳದ ಚೀಟಿಯಲ್ಲಿ ಈಗಲೂ ಆ ಹೆಸರಲ್ಲಿ ಒಂದು ಮುರಿತ ಇರುತ್ತೆ. ಯಾಕೆ ಹೇಳ್ತಿದ್ದೀನಿ ಅಂದರೆ, "ನಾಳೆಗೋಸ್ಕರ ಸಂಬಳದಲ್ಲಿ ಒಂದಿಷ್ಟು ಹಿಡಿ" ಅನ್ನೋ ಮಾತು ನಮಗೆ ಹೊಸದಲ್ಲ. ನೌಕರರು ಅದಕ್ಕೆ ಯಾವತ್ತೂ ಬೀದಿಗೆ ಇಳಿದಿಲ್ಲ. ಇದನ್ನ ಒಂದು ಕಡೆ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. ಆದರೂ ಪಿಂಚಣಿ ಕೃಪೆಯೋ ಹಕ್ಕೋ ಅನ್ನೋದು ತೀರ್ಮಾನ ಆಗೋಕೆ 1971ರವರೆಗೆ ಕಾಯಬೇಕಾಯಿತು. ಲೆಕ್ಕ ನೋಡಿ, ಸರಿಯಾಗಿ ನೂರು ವರ್ಷ. ಬಿಹಾರದ ಶಿಕ್ಷಣ ಇಲಾಖೆಯಲ್ಲಿದ್ದ ದೇವಕೀನಂದನ್ ಪ್ರಸಾದ್ ಅನ್ನೋರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು: ಪಿಂಚಣಿ ಸರ್ಕಾರದ ಮರ್ಜಿ ಅಲ್ಲ, ಅದು ನೌಕರನ ಆಸ್ತಿ.

ಅದಾದ ಹನ್ನೊಂದು ವರ್ಷಕ್ಕೆ ಇನ್ನೊಂದು ತೀರ್ಪು. ಇದು ನಮ್ಮ ಕಥೆಗೆ ಬಹಳ ಮುಖ್ಯ. ಯಾಕಂದರೆ ಅದೂ ಒಂದು ತಾರೀಖಿನ ಕಥೆ. 1979ರಲ್ಲಿ ಕೇಂದ್ರ ಸರ್ಕಾರ ಪಿಂಚಣಿ ಸೂತ್ರವನ್ನ ಉದಾರ ಮಾಡಿತು. ಒಳ್ಳೇದೇ. ಆದರೆ ಅದು 1979ರ ಮಾರ್ಚ್ 31ರಿಂದ ಈಚೆಗೆ ನಿವೃತ್ತರಾದವರಿಗೆ ಮಾತ್ರ ಅಂದರು. ಒಂದೇ ದಿನ ಹಿಂದೆ ನಿವೃತ್ತನಾದವನಿಗೆ ಹಳೇ ಲೆಕ್ಕ. ರಕ್ಷಣಾ ಸಚಿವಾಲಯದಲ್ಲಿ ಹಣಕಾಸು ಸಲಹೆಗಾರರಾಗಿದ್ದು 1972ರಲ್ಲಿ ನಿವೃತ್ತರಾಗಿದ್ದ ಡಿ.ಎಸ್. ನಕಾರಾ ಕೋರ್ಟಿಗೆ ಹೋದರು. ಎಚ್.ಡಿ. ಶೌರಿಯವರ ಕಾಮನ್ ಕಾಸ್ ಸಂಸ್ಥೆ ಜೊತೆಗೆ ನಿಂತಿತು. 1982ರ ಡಿಸೆಂಬರ್ 17ರಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಇದ್ದ ಐವರ ಪೀಠ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಡಿ.ಎ. ದೇಸಾಯಿ. ಪಿಂಚಣಿ ಭಿಕ್ಷೆ ಅಲ್ಲ, ದುಡಿದ ದುಡಿಮೆಗೆ ಸಲ್ಲಬೇಕಾದ್ದು. ಪಿಂಚಣಿದಾರರನ್ನ ಒಂದು ತಾರೀಖಿಟ್ಟು ಎರಡು ಜಾತಿ ಮಾಡೋದು ಸಮಾನತೆಗೆ ವಿರುದ್ಧ. ಇದು ಆ ತೀರ್ಪಿನ ಸಾರ. ಇವತ್ತಿಗೂ ದೇಶದಲ್ಲಿ ಡಿಸೆಂಬರ್ 17ನ್ನ ಪಿಂಚಣಿದಾರರ ದಿನ ಅಂತ ಆಚರಿಸುತ್ತಾರೆ.

ಸರಿ. ಕೃಪೆ ಹೋಗಿ ಹಕ್ಕಾಯಿತು. ಹಾಗಾದರೆ ಇಪ್ಪತ್ತೇ ವರ್ಷದಲ್ಲಿ ಇನ್ನೊಂದು ತಾರೀಖು ಹೇಗೆ ಬಂತು?

ಇಲ್ಲಿ ಸರ್ಕಾರದ ಕಷ್ಟವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಒಂದೇ ಕಡೆ ಮಾತಾಡಿದರೆ ಅದು ಪತ್ರಿಕೋದ್ಯಮ ಅಲ್ಲ, ಭಾಷಣ.

ಹಳೆ ಪಿಂಚಣಿಯಲ್ಲಿ ದುಡ್ಡು ಎಲ್ಲಿಂದ ಬರುತ್ತೆ? ಬಹಳ ಜನ ಅಂದುಕೊಂಡಿರೋದು, ಎಲ್ಲೋ ಒಂದು ಹುಂಡಿ ಇದೆ, ಅದರಲ್ಲಿ ನೌಕರರ ದುಡ್ಡು ಕೂಡಿಟ್ಟಿದ್ದಾರೆ ಅಂತ. ಹುಂಡಿ ಇಲ್ಲ ಸ್ವಾಮಿ. ಈ ವರ್ಷದ ತೆರಿಗೆಯಿಂದ ಈ ವರ್ಷದ ಪಿಂಚಣಿ. ಹೊಲ ಉಳುವವ, ಆಟೋ ಓಡಿಸುವವ ಅಂಗಡಿಯಲ್ಲಿ ಕೊಡೋ ತೆರಿಗೆಯೂ ಅದರಲ್ಲಿದೆ. ನೌಕರರು ಕಡಿಮೆ ಇದ್ದಾಗ, ಆಯಸ್ಸು ಚಿಕ್ಕದಿದ್ದಾಗ ಇದು ನಡೀತಿತ್ತು. ಆಮೇಲೆ ಜನರ ಆಯಸ್ಸು ಬೆಳೆಯಿತು. ಅದು ಖುಷಿಯ ವಿಷಯವೇ. ಆದರೆ ಮೂವತ್ತು ವರ್ಷ ಸಂಬಳ ಕೊಟ್ಟವನಿಗೆ ಇಪ್ಪತ್ತೈದು ವರ್ಷ ಪಿಂಚಣಿ, ಆಮೇಲೆ ಅವನ ಹೆಂಡತಿಗೆ ಕುಟುಂಬ ಪಿಂಚಣಿ. 1997ರ ಹೊತ್ತಿಗೆ ಐದನೇ ವೇತನ ಆಯೋಗದ ಶಿಫಾರಸು ಜಾರಿಯಾಯಿತು. ಸಂಬಳ ಏರಿತು, ಸಂಬಳಕ್ಕೆ ಗಂಟು ಹಾಕಿದ್ದ ಪಿಂಚಣಿಯೂ ಏರಿತು. ರಾಜ್ಯಗಳೂ ಕೇಂದ್ರದ ಹಿಂದೆ ಹೋದವು. ಎಷ್ಟೋ ರಾಜ್ಯಗಳ ಖಜಾನೆ ಬುಡ ಕಾಣಿಸಿತು.

ಇದೇ ಸಮಯದಲ್ಲಿ ಇನ್ನೊಂದು ಕೆಲಸ ನಡೀತಿತ್ತು. 1998ರಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯ ಎಸ್.ಎ. ದವೆ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಓಯಸಿಸ್ ಅಂತ ಅದರ ಹೆಸರು. ಅವರಿಗೆ ಕೊಟ್ಟ ಪ್ರಶ್ನೆ ಸರ್ಕಾರಿ ನೌಕರರದ್ದಲ್ಲ. ಪಿಂಚಣಿಯೇ ಇಲ್ಲದ ಜನರದ್ದು. ಗಾರೆ ಕೆಲಸದವನು, ಬೀಡಿ ಕಟ್ಟುವವಳು, ತಳ್ಳುಗಾಡಿಯವನು, ಇವರ ಮುಪ್ಪಿನ ಗತಿ ಏನು? ಇವರು ಚಿಕ್ಕ ಚಿಕ್ಕ ಮೊತ್ತ ಉಳಿಸಿ, ಕಡಿಮೆ ಖರ್ಚಿನಲ್ಲಿ ಅದನ್ನ ಬೆಳೆಸೋಕೆ ಒಂದು ವ್ಯವಸ್ಥೆ ಬೇಕು. ಪ್ರತಿಯೊಬ್ಬನಿಗೂ ಒಂದು ಖಾತೆ, ಊರು ಬಿಟ್ಟರೂ ಕೆಲಸ ಬಿಟ್ಟರೂ ಜೊತೆಗೇ ಬರುವ ಖಾತೆ. 2000ದ ಜನವರಿಯಲ್ಲಿ ವರದಿ ಬಂತು. ಬಡವನಿಗೆ ಅಂತ ಹೊಲಿದ ಅಂಗಿ ಅದು. ಅದನ್ನ ಕೊನೆಗೆ ಯಾರಿಗೆ ತೊಡಿಸಿದರು ಅನ್ನೋದನ್ನ ನೋಡಿ.

ಸರ್ಕಾರಿ ನೌಕರರ ಪಿಂಚಣಿಗೆ ಅಂತಲೇ 2001ರಲ್ಲಿ ಬೇರೊಂದು ಉನ್ನತ ಮಟ್ಟದ ತಜ್ಞರ ತಂಡ ರಚನೆಯಾಯಿತು. ಅದರ ಅಧ್ಯಕ್ಷರು ಯಾರು ಗೊತ್ತಾ? ಬಿ.ಕೆ. ಭಟ್ಟಾಚಾರ್ಯ. ನಮ್ಮ ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದವರು. ವಿಧಾನಸೌಧದ ಕಡತಗಳನ್ನ ಕಂಡವರು. 2002ರ ಫೆಬ್ರವರಿಯಲ್ಲಿ ಅವರು ವರದಿ ಕೊಟ್ಟರು. ಅವರು ಹೇಳಿದ್ದನ್ನ ಸರಳವಾಗಿ ಹೇಳ್ತೀನಿ. ಖಜಾನೆಯೊಂದೇ ಎಲ್ಲಾ ಭಾರ ಹೊರೋದು ಇನ್ನು ಆಗಲ್ಲ, ನೌಕರನೂ ಒಂದು ಪಾಲು ಹಾಕಲಿ, ಸರ್ಕಾರವೂ ಅಷ್ಟೇ ಹಾಕಲಿ. ಆದರೆ ಕೊನೆಗೆ ಇಷ್ಟು ಪಿಂಚಣಿ ಬರುತ್ತೆ ಅನ್ನೋ ಖಾತರಿಯನ್ನ ಮಾತ್ರ ಬಿಡಬೇಡಿ. ಅದಕ್ಕಿಂತ ಜಾಸ್ತಿ ಬೇಕು ಅನ್ನೋನು ಮೇಲೊಂದು ಖಾತೆಯಲ್ಲಿ ಉಳಿಸಿಕೊಳ್ಳಲಿ, ಅದು ಮಾರುಕಟ್ಟೆಯಲ್ಲಿ ಬೆಳೆಯಲಿ.

ಪಾಲೂ ಇದೆ, ಖಾತರಿಯೂ ಇದೆ. ಎರಡೂ ಕಾಲಿನ ಮೇಲೆ ನಿಂತ ಯೋಜನೆ.

ಈ ವರದಿಯ ಮುಖ್ಯ ಮಾತು ಮೂಲೆ ಸೇರಿತು. 2003ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ಜಸ್ವಂತ್ ಸಿಂಗ್ ಹೊಸ ಪಿಂಚಣಿ ವ್ಯವಸ್ಥೆ ಘೋಷಿಸಿದರು. ಪಾಲು ಉಳೀತು, ಖಾತರಿ ಹೋಯಿತು. ಓಯಸಿಸ್ ವರದಿ ಬಡವನಿಗೆ ಅಂತ ಹೇಳಿದ್ದ ವೈಯಕ್ತಿಕ ಖಾತೆಯ ಮಾದರಿಯನ್ನ ಸರ್ಕಾರಿ ನೌಕರನಿಗೆ ಮೊದಲು ತೊಡಿಸಿದರು. 2003ರ ಡಿಸೆಂಬರ್ 22ಕ್ಕೆ ಅಧಿಸೂಚನೆ. 2004ರ ಜನವರಿ 1ರಿಂದ ಕೇಂದ್ರದ ಕೆಲಸಕ್ಕೆ ಸೇರುವವರಿಗೆಲ್ಲ ಇದೇ. ಸೇನಾಪಡೆಗಳಿಗೆ ಮಾತ್ರ ವಿನಾಯಿತಿ. ಅಧಿಸೂಚನೆಗೂ ಜಾರಿಗೂ ನಡುವೆ ಹತ್ತೇ ದಿನ.

ಹತ್ತು ದಿನ ಸಾಕಾಯಿತು, ಯಾಕೆ? ಯಾರೂ ತಕರಾರು ಮಾಡಲಿಲ್ಲ, ಅದಕ್ಕೆ. ಇದೇ ಈ ಕಥೆಯ ಗುಟ್ಟು. ಅವತ್ತು ಕೆಲಸದಲ್ಲಿದ್ದ ಲಕ್ಷಾಂತರ ನೌಕರರ ಒಂದು ರೂಪಾಯಿಯೂ ಕಡಿಮೆ ಆಗಲಿಲ್ಲ. ಸಂಘಗಳು ಯಾರವು? ಇದ್ದವರವು. ಓಟು ಯಾರದು? ಇದ್ದವರದು. ಕಳೆದುಕೊಳ್ಳುವವರು ಯಾರು? ಇನ್ನೂ ಡಿಗ್ರಿ ಓದ್ತಿದ್ದವರು, ಬಿ.ಎಡ್. ಮಾಡ್ತಿದ್ದವರು. ನನ್ನ ತಂಗಿ ಅವತ್ತು ಕಾಲೇಜಲ್ಲಿದ್ದಳು. ಅವಳ ಮುಪ್ಪಿನ ತೀರ್ಮಾನ ಆಗ್ತಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕು ಅಂದರೆ, ಪತ್ರಕರ್ತನಾಗಿದ್ದ ನಾನೂ ಅವತ್ತು ಅದನ್ನ ಒಳಪುಟದ ಸುದ್ದಿ ಅಂತ ನೋಡಿ ಮಡಚಿಟ್ಟೆ.

ಊಟಕ್ಕೆ ಕೂತವರೆಲ್ಲ ಸೇರಿ, ಇನ್ನೂ ಬರದೇ ಇರುವವರ ಎಲೆಯಿಂದ ಪಾಯಸ ತೆಗೆದುಬಿಟ್ಟ ಹಾಗೆ. ಜಗಳ ಆಗಲ್ಲ. ಅವರು ಬಂದು ಕೂತ ಮೇಲೆ ಜಗಳ ಶುರು.

ರಾಜ್ಯಗಳು ಸಾಲುಗಟ್ಟಿ ಹಿಂಬಾಲಿಸಿದವು. ಪಶ್ಚಿಮ ಬಂಗಾಳ ಸೇರಲೇ ಇಲ್ಲ. ನಮ್ಮ ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಜಾರಿ. ಆಗ ಇದ್ದದ್ದು ಜೆಡಿಎಸ್-ಬಿಜೆಪಿ ಸಮ್ಮಿಶ್ರ ಸರ್ಕಾರ. ಕೇಂದ್ರದಲ್ಲಿ ಶುರು ಮಾಡಿದ್ದು ವಾಜಪೇಯಿ ಸರ್ಕಾರ, ಮುಂದುವರಿಸಿದ್ದು ಮನಮೋಹನ್ ಸಿಂಗ್ ಸರ್ಕಾರ. ಇವತ್ತು ಟೀವಿ ಚರ್ಚೆಗೆ ಬಂದು ಒಬ್ಬರ ಮೇಲೆ ಒಬ್ಬರು ಬೆರಳು ತೋರಿಸ್ತಾರಲ್ಲ, ಅವರಿಗೆಲ್ಲ ಒಂದೇ ಮಾತು ಹೇಳ್ತೀನಿ: ಈ ಗೆರೆ ಎಳೆಯುವಾಗ ಸೀಮೆಸುಣ್ಣ ಎಲ್ಲರ ಕೈಯಲ್ಲೂ ಇತ್ತು.

ಇನ್ನೊಂದು ವಿಷಯ ಕೇಳಿ. ಈ ದುಡ್ಡನ್ನ ಕಾಯೋ ಪಿಂಚಣಿ ನಿಧಿ ನಿಯಂತ್ರಣ ಪ್ರಾಧಿಕಾರಕ್ಕೆ ಸಂಸತ್ತಿನ ಕಾಯ್ದೆ ಯಾವಾಗ ಬಂತು? ಮಸೂದೆ ಮಂಡನೆ 2005ರಲ್ಲಿ, ಒಪ್ಪಿಗೆ 2013ರ ಸೆಪ್ಟೆಂಬರಿನಲ್ಲಿ, ಜಾರಿ 2014ರ ಫೆಬ್ರವರಿ 1ಕ್ಕೆ. ಅಂದರೆ ಹತ್ತು ವರ್ಷ ನೌಕರರ ಸಂಬಳದಿಂದ ಶೇ. 10 ಹಿಡಿದರು, ಅದನ್ನ ಕಾಯೋ ಕಾವಲುಗಾರನಿಗೆ ಮಾತ್ರ ಸರಿಯಾದ ಕಾನೂನಿನ ಬಲ ಇರಲಿಲ್ಲ. ಮನೆ ಕಟ್ಟಿ, ಒಳಗೆ ಜನರನ್ನ ಕೂರಿಸಿ, ಹತ್ತು ವರ್ಷ ಆದ ಮೇಲೆ ಬಾಗಿಲು ಇಟ್ಟ ಹಾಗಾಯಿತು.

ಈಗ ಲೆಕ್ಕಕ್ಕೆ ಬರೋಣ. ಎನ್‌ಪಿಎಸ್ ಅಂದರೆ ಏನು? ನೌಕರನ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಪ್ರತಿ ತಿಂಗಳು ಕಟ್ ಆಗುತ್ತೆ. ಸರ್ಕಾರವೂ ಶುರುವಿನಲ್ಲಿ ಅಷ್ಟೇ ಹಾಕ್ತಿತ್ತು. ಕೇಂದ್ರ ತನ್ನ ಪಾಲನ್ನ 2019ರ ಏಪ್ರಿಲ್‌ನಿಂದ ಶೇ. 14ಕ್ಕೆ ಏರಿಸಿತು. ಆ ದುಡ್ಡು ಸರ್ಕಾರಿ ಬಾಂಡು, ಕಂಪನಿ ಸಾಲಪತ್ರ, ಸ್ವಲ್ಪ ಷೇರು ಇದರಲ್ಲೆಲ್ಲ ಬೆಳೆಯುತ್ತೆ. ವ್ಯವಸ್ಥೆ ಶುರುವಾದಾಗಿನ ನಿಯಮ ಹೀಗಿತ್ತು: ನಿವೃತ್ತಿ ದಿನ ಸೇರಿರೋ ಗಂಟಿನಲ್ಲಿ ಶೇ. 60ರವರೆಗೆ ಕೈಗೆ, ಕನಿಷ್ಠ ಶೇ. 40ನ್ನ ವಿಮಾ ಕಂಪನಿಗೆ ಕೊಟ್ಟು ಆನ್ಯುಟಿ ತಗೋಬೇಕು. ಅದು ತಿಂಗಳು ತಿಂಗಳು ಬರೋ ಪಿಂಚಣಿ.

ಒಂದು ಉದಾಹರಣೆ ಹಿಡಿಯೋಣ. ಬರೀ ಲೆಕ್ಕಕ್ಕೆ. ಒಬ್ಬರ ಗಂಟು 25 ಲಕ್ಷ ಆಗಿದೆ ಅನ್ನಿ. 15 ಲಕ್ಷ ಕೈಗೆ ಬಂತು. 10 ಲಕ್ಷ ಆನ್ಯುಟಿಗೆ ಹೋಯಿತು. ಶೇ. 6ರ ಲೆಕ್ಕದಲ್ಲಿ ವರ್ಷಕ್ಕೆ 60 ಸಾವಿರ. ತಿಂಗಳಿಗೆ 5 ಸಾವಿರ. ಹೀಗೆ ತಗೊಂಡರೆ ಆ 5 ಸಾವಿರ ಇವತ್ತೂ 5 ಸಾವಿರ, ಇಪ್ಪತ್ತು ವರ್ಷ ಆದಮೇಲೂ 5 ಸಾವಿರ. ತುಟ್ಟಿಭತ್ಯೆ ಇಲ್ಲ. ಅಕ್ಕಿ ರೇಟು ಏರುತ್ತೆ, ಬಿಪಿ ಮಾತ್ರೆ ರೇಟು ಏರುತ್ತೆ, ಇದು ಏರಲ್ಲ. ಕೈಗೆ ಬಂದ 15 ಲಕ್ಷ? ಮಗಳ ಮದುವೆ, ಮನೆ ಸಾಲ, ಮಗನ ಸೈಟು. ನಮ್ಮ ಮನೆಗಳ ಕಥೆ ನಮಗೆ ಗೊತ್ತಿಲ್ಲವಾ?

ಆದರೆ ಇಲ್ಲೊಂದು ಎಚ್ಚರಿಕೆ. ವಾಟ್ಸಾಪಿನಲ್ಲಿ "ಎನ್‌ಪಿಎಸ್‌ನಲ್ಲಿ ನಿವೃತ್ತರಾದವರಿಗೆ ಬಂದ ಪಿಂಚಣಿ ನೋಡಿ, ಎರಡು ಸಾವಿರ" ಅಂತ ಓಡಾಡುತ್ತಲ್ಲ, ಅದನ್ನ ನೋಡುವಾಗ ಒಂದು ಪ್ರಶ್ನೆ ಕೇಳಿ: ಅವರು ಎಷ್ಟು ವರ್ಷ ಕೆಲಸ ಮಾಡಿದ್ದರು? 2006ರ ಮೇಲೆ ಸೇರಿ ಈಗಾಗಲೇ ನಿವೃತ್ತರಾದವರು ಅಂದರೆ ವಯಸ್ಸಾದ ಮೇಲೆ ಕೆಲಸಕ್ಕೆ ಸೇರಿದವರು. ಹತ್ತು ಹದಿನೈದು ವರ್ಷದ ಗಂಟು ಅದು. ಮೂವತ್ತು ಮೂವತ್ತೈದು ವರ್ಷ ಕೂಡಿಟ್ಟವರ ಗಂಟು ದೊಡ್ಡದಿರುತ್ತೆ. ಎಷ್ಟು ದೊಡ್ಡದು? ಅದನ್ನ ಮಾರುಕಟ್ಟೆ ಹೇಳಬೇಕು. ಸಮಸ್ಯೆ ಇರೋದೇ ಅಲ್ಲಿ. ಮಾರುಕಟ್ಟೆ ಚೆನ್ನಾಗಿದ್ದ ವರ್ಷ ನಿವೃತ್ತನಾದವನಿಗೆ ಒಂದು, ಬಿದ್ದ ವರ್ಷ ನಿವೃತ್ತಳಾದವಳಿಗೆ ಇನ್ನೊಂದು. ಇಬ್ಬರೂ ಮಾಡಿದ ಪಾಠ ಒಂದೇ.

ಶಾನುಭೋಗರ ಲೆಕ್ಕದಲ್ಲಿ ಅಪಾಯ ಅನ್ನೋದು ಮಾಯ ಆಗಲ್ಲ, ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಹೋಗುತ್ತೆ. ಹಳೆ ಪಿಂಚಣಿಯಲ್ಲಿ ಭಾರ ಪೂರ್ತಿ ನಾಳಿನ ತೆರಿಗೆದಾರನ ಹೆಗಲ ಮೇಲಿತ್ತು. 2004ರಲ್ಲಿ ಅದನ್ನ ತೆಗೆದು ಪೂರ್ತಿ ನಾಳಿನ ನಿವೃತ್ತನ ಹೆಗಲ ಮೇಲಿಟ್ಟರು. ಭಟ್ಟಾಚಾರ್ಯ ವರದಿ ಹೇಳಿದ್ದು ಏನು? ಇಬ್ಬರೂ ಹಂಚಿಕೊಳ್ಳಿ ಅಂತ.

ವರ್ಷಗಳು ಉರುಳಿದವು. ಅವತ್ತು ಕಾಲೇಜಲ್ಲಿದ್ದವರು ನೌಕರರಾದರು, ಸಂಘ ಕಟ್ಟಿದರು, ಓಟಾದರು. ಬಂದರು ನೋಡಿ, ಊಟದ ಎಲೆಗೆ. 2022ರ ಫೆಬ್ರವರಿಯಲ್ಲಿ ರಾಜಸ್ಥಾನದ ಮುಖ್ಯಮಂತ್ರಿ ಅಶೋಕ್ ಗೆಹ್ಲೋಟ್ ಹಳೆ ಪಿಂಚಣಿಗೆ ವಾಪಸ್ ಅಂದರು. ಛತ್ತೀಸ್‌ಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಒಂದಾದ ಮೇಲೊಂದು ಅದೇ ದಾರಿ ಹಿಡಿದವು. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. 2023ರ ಮಾರ್ಚ್ 1ಕ್ಕೆ ರಾಜ್ಯದ ಸರ್ಕಾರಿ ಕಚೇರಿಗಳೇ ಬಾಗಿಲು ಹಾಕಿದವು. ಅವತ್ತೇ ಸರ್ಕಾರ ಶೇ. 17 ಮಧ್ಯಂತರ ಪರಿಹಾರ ಕೊಟ್ಟಿತು, ಹಳೆ ಪಿಂಚಣಿ ಅಧ್ಯಯನಕ್ಕೆ ಸಮಿತಿ ಅಂದಿತು. ಚುನಾವಣೆ ಬಂತು, ಭರವಸೆಗಳು ಬಂದವು. 2024ರ ಜನವರಿಯಲ್ಲಿ ಸಿದ್ದರಾಮಯ್ಯ ಸರ್ಕಾರ, 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿ ಅಧಿಸೂಚನೆ ಆಗಿ ಆಮೇಲೆ ಕೆಲಸಕ್ಕೆ ಸೇರಿದ್ದ ಸುಮಾರು 13 ಸಾವಿರ ನೌಕರರನ್ನ ಹಳೆ ಪಿಂಚಣಿಗೆ ಸೇರಿಸಿತು. ನ್ಯಾಯವೇ. ಕಡತ ತಡ ಆಗಿದ್ದು ಅವರ ತಪ್ಪಲ್ಲ. ಆದರೆ ಗೆರೆ ಅಳಿಸಲಿಲ್ಲ, ಗೆರೆಯನ್ನ ಒಂದಿಷ್ಟು ಸರಿಸಿದರು ಅಷ್ಟೇ.

ಪೂರ್ತಿ ಹಳೆ ಪಿಂಚಣಿಗೇ ಹೋಗಿಬಿಡೋಣವಾ? ತಂಗಿಯ ಅಣ್ಣನಾಗಿ ನನಗೆ ಹೂಂ ಅನ್ನೋ ಆಸೆ. ಆದರೆ 2023ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಬುಲೆಟಿನ್‌ನಲ್ಲಿ ಬಂದ ಒಂದು ಅಧ್ಯಯನ ಲೇಖನ ಓದಿ. ಎಲ್ಲಾ ರಾಜ್ಯಗಳೂ ವಾಪಸ್ ಹೋದರೆ ಒಟ್ಟು ಹೊರೆ ಎನ್‌ಪಿಎಸ್‌ಗಿಂತ ನಾಲ್ಕೂವರೆ ಪಟ್ಟುವರೆಗೂ ಆಗಬಹುದು. 2060ರ ಹೊತ್ತಿಗೆ ಹೆಚ್ಚುವರಿ ಭಾರ ವರ್ಷಕ್ಕೆ ದೇಶದ ಜಿಡಿಪಿಯ ಶೇ. 0.9ಕ್ಕೆ ಮುಟ್ಟಬಹುದು ಅನ್ನುತ್ತೆ ಅದು. ಮಜಾ ಏನು ಅಂದರೆ, ಮೊದಲ ಕೆಲವು ವರ್ಷ ಸರ್ಕಾರಕ್ಕೆ ಉಳಿತಾಯವೇ. ತನ್ನ ಪಾಲು ಹಾಕೋದು ನಿಲ್ಲುತ್ತಲ್ಲ! ಬಿಲ್ಲು ಬರೋದು ಆಮೇಲೆ, ಘೋಷಣೆ ಮಾಡಿದ ಮುಖ್ಯಮಂತ್ರಿ ಕುರ್ಚಿಯಲ್ಲಿ ಇಲ್ಲದೇ ಇರುವಾಗ. ಕಟ್ಟುವವರು ಯಾರು? ಇವತ್ತು ಅಂಗನವಾಡಿಯಲ್ಲಿ ಆಡ್ತಿರೋ ಮಕ್ಕಳು. ಗಮನಿಸಿ, ಮತ್ತೆ ಅದೇ ತಪ್ಪು. ಮೇಜಿನ ಮುಂದೆ ಇಲ್ಲದವರ ತಲೆಗೆ ಕಟ್ಟೋದು. 2004ರಲ್ಲಿ ಅದನ್ನೇ ಮಾಡಿದರು, ಈಗ ಉಲ್ಟಾ ತಿರುಗಿಸಿ ಅದನ್ನೇ ಮಾಡ್ತೀವಿ.

ಹಾಗಾದರೆ ದಾರಿ?

2024ರ ಆಗಸ್ಟ್ 24, ಶನಿವಾರ. ಸಂಜೆ ಬುಲೆಟಿನ್ ಹೊತ್ತಿಗೆ ಬ್ರೇಕಿಂಗ್ ಬಂತು. ಟಿ.ವಿ. ಸೋಮನಾಥನ್ ಸಮಿತಿಯ ಅಧ್ಯಯನದ ಮೇಲೆ ಕೇಂದ್ರ ಸಂಪುಟ ಏಕೀಕೃತ ಪಿಂಚಣಿ ಯೋಜನೆ, ಯುಪಿಎಸ್‌ಗೆ ಒಪ್ಪಿಗೆ ಕೊಟ್ಟಿತ್ತು. 2025ರ ಏಪ್ರಿಲ್ 1ರಿಂದ ಜಾರಿ. ನೌಕರನ ಪಾಲು ಶೇ. 10. ಸರ್ಕಾರದ ಪಾಲು ಒಟ್ಟು ಶೇ. 18.5. 25 ವರ್ಷ ಸೇವೆ ಮಾಡಿದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಪಿಂಚಣಿ, ಖಾತರಿ. ಬೆಲೆ ಏರಿದರೆ ಅದೂ ಏರುತ್ತೆ. ನೌಕರ ತೀರಿಕೊಂಡರೆ ಪಿಂಚಣಿಯ ಶೇ. 60 ಸಂಗಾತಿಗೆ. 10 ವರ್ಷ ಸೇವೆ ಆಗಿದ್ದರೆ ಕನಿಷ್ಠ 10 ಸಾವಿರ. ಎನ್‌ಪಿಎಸ್‌ನಲ್ಲಿ ಕೈಗೆ ಬರ್ತಿದ್ದ ಶೇ. 60ರ ದೊಡ್ಡ ಗಂಟನ್ನ ಮಾತ್ರ, ಪೂರ್ತಿ ಪಿಂಚಣಿ ಬೇಕಿದ್ದರೆ, ಇಲ್ಲಿ ಬಿಡಬೇಕು. ಸಿಗೋ ಇಡುಗಂಟು ಚಿಕ್ಕದು.

ನಾನು ಕ್ಯಾಮೆರಾ ಮುಂದೆ ಇದನ್ನ ಓದ್ತಾ ಇದ್ದೆ. ಓದ್ತಾ ಓದ್ತಾ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಪಾಲೂ ಇದೆ, ಖಾತರಿಯೂ ಇದೆ. ಕರ್ನಾಟಕದ ಮಾಜಿ ಮುಖ್ಯ ಕಾರ್ಯದರ್ಶಿ 2002ರಲ್ಲಿ ಬರೆದುಕೊಟ್ಟಿದ್ದ ದಾರಿ ಇದೇ ಅಲ್ವಾ? ಶೇಕಡಾವಾರು ಬೇರೆ ಇರಬಹುದು, ಹೆಸರು ಬೇರೆ ಇರಬಹುದು. ಬೆನ್ನುಮೂಳೆ ಒಂದೇ. ಇಪ್ಪತ್ತೆರಡು ವರ್ಷ ಸುತ್ತು ಹೊಡೆದು, ಒಂದು ತಲೆಮಾರಿನ ನೌಕರರ ನಿದ್ದೆ ಕೆಡಿಸಿ, ಹೊರಟ ಬಸ್ ಸ್ಟ್ಯಾಂಡಿಗೇ ಬಂದು ನಿಂತೆವು.

ಮೈಸೂರಿನ 1891ರ ಮಾತನ್ನ ಒಂದು ಕಡೆ ಇಟ್ಕೊಳ್ಳಿ ಅಂದಿದ್ದೆ. ಪಾಲು ಹಾಕೋಕೆ ನೌಕರ ಯಾವತ್ತೂ ಬೇಡ ಅಂದಿಲ್ಲ. ಅವನು ಕೇಳಿದ್ದು ಪಾಲು ಹಾಕಿದ ಮೇಲೆ ಒಂದು ಭರವಸೆ. ಅದನ್ನ ಕೊಡೋಕೆ ಸಾಧ್ಯ ಅಂತ ವರದಿಯೂ ಇತ್ತು. ಕೂತು ಓದುವ ತಾಳ್ಮೆ ಇರಲಿಲ್ಲ.

ಯುಪಿಎಸ್ ಕೇಂದ್ರದ ನೌಕರರಿಗೆ. ರಾಜ್ಯಗಳು ಬೇಕಿದ್ದರೆ ತಗೋಬಹುದು. ಆಂಧ್ರ 2023ರಲ್ಲೇ ತನ್ನದೇ ಒಂದು ಖಾತರಿ ಪಿಂಚಣಿ ಕಾನೂನು ಮಾಡಿತ್ತು. ನಮ್ಮ ರಾಜ್ಯ ಯಾವ ದಾರಿ ಹಿಡಿದರೂ ಸರಿ, ನನ್ನದು ಒಂದೇ ಬೇಡಿಕೆ: ಲೆಕ್ಕ ಬಿಚ್ಚಿಡಿ. 2040ರಲ್ಲಿ ಎಷ್ಟು, 2060ರಲ್ಲಿ ಎಷ್ಟು, ಯಾರು ಕೊಡ್ತಾರೆ ಅನ್ನೋದನ್ನ ವಿಧಾನಸಭೆಯ ಮುಂದಿಟ್ಟು ಆಮೇಲೆ ಕೈ ಎತ್ತಿ. ಮುಂದಿನವರ ಪರವಾಗಿ ಒಬ್ಬರಾದರೂ ಆ ಸಭೆಯಲ್ಲಿ ಮಾತಾಡಲಿ. ಅಂದ ಹಾಗೆ ಸಂಸದರಿಗೆ ಪಿಂಚಣಿ ಶುರುವಾಗಿದ್ದು 1976ರಲ್ಲಿ. ಈಗ ಅದು ತಿಂಗಳಿಗೆ 31 ಸಾವಿರ. ಅವರ ಪಿಂಚಣಿಗೆ ಷೇರುಪೇಟೆ ಕಟ್ಟಿಲ್ಲ. ಗೊತ್ತಿರಲಿ ಅಂತ ಹೇಳಿದೆ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಓಯಸಿಸ್ ವರದಿಯ ಗಾರೆ ಕೆಲಸದವನು ಇನ್ನೂ ಬಾಗಿಲಲ್ಲೇ ನಿಂತಿದ್ದಾನೆ. ಅವನ ಅಂಗಿ ಅವನಿಗೆ ಸಿಕ್ಕಿತಾ? 2009ರ ಮೇ 1ರಿಂದ ಎನ್‌ಪಿಎಸ್ ಎಲ್ಲರಿಗೂ ತೆರೆಯಿತು. 2015ರಲ್ಲಿ ಅಟಲ್ ಪಿಂಚಣಿ ಯೋಜನೆ ಬಂತು. ಹದಿನೆಂಟನೇ ವಯಸ್ಸಿಂದ ತಿಂಗಳಿಗೆ 210 ರೂಪಾಯಿ ಕಟ್ಟಿದರೆ ಅರವತ್ತಕ್ಕೆ ತಿಂಗಳಿಗೆ 5 ಸಾವಿರ. ನಲವತ್ತೆರಡು ವರ್ಷ ಆದಮೇಲೆ ಆ 5 ಸಾವಿರಕ್ಕೆ ಏನು ಬರುತ್ತೆ ಅಂತ ನೀವೇ ಯೋಚನೆ ಮಾಡಿ. ಕಾರ್ಖಾನೆಯಲ್ಲಿ ದುಡಿದು ಪಿಎಫ್ ಪಿಂಚಣಿಗೆ ಬಂದವರಿಗೆ 2014ರಲ್ಲಿ ನಿಗದಿ ಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ ಒಂದು ಸಾವಿರ. ಏನೂ ಇಲ್ಲದ ಅಜ್ಜಿಗೆ ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ, 1200 ರೂಪಾಯಿ. ಸರ್ಕಾರಿ ನೌಕರರ ಪಿಂಚಣಿ ಬಗ್ಗೆ ನಾವು ಗಂಟೆಗಟ್ಟಲೆ ಚರ್ಚೆ ಮಾಡ್ತೀವಿ. ಅವರಿಗೆ ಸಂಘ ಇದೆ. ಈ ಅಜ್ಜಿಗೆ ಸಂಘ ಇಲ್ಲ. ಅವಳೂ ಮೇಜಿನ ಮುಂದೆ ಇಲ್ಲದವಳೇ.

ಹಬ್ಬ ಮುಗಿಸಿ ಹೊರಡುವಾಗ ತಂಗಿಗೆ ಹೇಳಿದೆ: "ನೋಡಮ್ಮಾ, ನಂಬರ್ ನನ್ನ ಹತ್ರ ಇಲ್ಲ. ಕೊಡಬೇಕಾದವರ ಹತ್ರ ಇತ್ತು, 2002ರಲ್ಲೇ. ಕೊಡಲಿಲ್ಲ." ಅವಳು ನಕ್ಕಳು. ಅಮ್ಮ ನಗಲಿಲ್ಲ. ಡಬ್ಬಿಗೆ ಹೋಳಿಗೆ ತುಂಬುತ್ತಾ ಅಂದರು: "ನಿಮ್ಮಪ್ಪ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ರು. ಇವಳು ಎಲ್ಲಿ ಬರೀಬೇಕು?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಈ ಕಾರ್ಯಕ್ರಮ ನೋಡ್ತಿದ್ದರೆ, ದಯವಿಟ್ಟು ಕೊಡಿ.